ಕಂಪ್ಯೂಟರ್ ಓದಿದವರಿಗೆ ಏನು ಬರುತ್ತದೆ?

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗಿ ಸಿಇಟಿ ರ‍್ಯಾಂಕ್ ಕೈಗೆ ಬರುವ ಹೊತ್ತಿಗೆ ನಮ್ಮ ಊರುಗಳಲ್ಲಿ ಶೈಕ್ಷಣಿಕ ಮಾರ್ಗದರ್ಶನ ಶಿಬಿರಗಳು ಆರಂಭವಾಗುತ್ತವೆ. ಇಂತಹ ಶಿಬಿರಗಳಲ್ಲಿ ಮಾತನಾಡುವವರ ಸಾಲಿನಲ್ಲಿ ಕೆಲವು ವರ್ಷಗಳಿಂದ ನಾವೂ ಕುಳಿತುಕೊಳ್ಳುತ್ತಿದ್ದೇವೆ. ಕಾರ್ಯಕ್ರಮ ಮುಗಿದ ಮೇಲೆ ಹೆತ್ತವರು ಸುತ್ತುವರಿದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: 'ಕಂಪ್ಯೂಟರ್ ಸೈನ್ಸ್ ಮಾಡಿದರೆ ತಿಂಗಳಿಗೆ ಎಷ್ಟು ಬರುತ್ತದೆ?' ಸಾಲ ಮಾಡಿ ಮಕ್ಕಳನ್ನು ಓದಿಸುವವರು ಕೇಳಬೇಕಾದ ಪ್ರಶ್ನೆಯೇ ಅದು. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಒಂದು ಸಲ, ಬೀಡಿ ಕಟ್ಟಿ ಮಗಳನ್ನು ಓದಿಸಿದ ತಾಯಿಯೊಬ್ಬರು ಎಲ್ಲರೂ ಹೋಗುವ ತನಕ ಕಾದಿದ್ದು ಕೇಳಿದರು: 'ಸಾರ್, ನಾಲ್ಕು ವರ್ಷ ಇದನ್ನು ಕಲಿತರೆ ಇವಳಿಗೆ ಏನು ಬರುತ್ತದೆ?' ನಾವು ಅಭ್ಯಾಸಬಲದಿಂದ ಸಂಬಳದ ಲೆಕ್ಕ ಹೇಳತೊಡಗಿದೆವು. ಅವರು ತಡೆದರು. 'ಸಂಬಳ ಅಲ್ಲ ಸಾರ್. ಟೈಲರಿಂಗ್ ಕಲಿತರೆ ಹೊಲಿಯಲು ಬರುತ್ತದೆ. ನರ್ಸಿಂಗ್ ಕಲಿತರೆ ರೋಗಿಯನ್ನು ನೋಡಿಕೊಳ್ಳಲು ಬರುತ್ತದೆ. ಇದರಲ್ಲಿ ಏನು ಬರುತ್ತದೆ?' 'ಪ್ರೋಗ್ರಾಮ್ ಬರೆಯಲು ಬರುತ್ತದಮ್ಮ' ಎಂದೆವು. ಪಕ್ಕದಲ್ಲಿದ್ದ ಮಗಳು ಮೆಲ್ಲನೆ ನಕ್ಕಳು. 'ಅದನ್ನು ಈಗ ಮೊಬೈಲೇ ಬರೆದುಕೊಡುತ್ತದಲ್ಲ ಸಾರ್.'

ಅಂದು ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆ ತಾಯಿಯ ಪ್ರಶ್ನೆಗೆ ವಿಶ್ವವಿದ್ಯಾಲಯಗಳು ಏನು ಉತ್ತರ ಕೊಡುತ್ತಿವೆ, ಆ ಉತ್ತರ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಇಲ್ಲಿ ಪರಿಶೀಲಿಸುವ ಉದ್ದೇಶ ನಮ್ಮದು.

ಮೊದಲಿಗೆ ಹೆಸರಿನ ಬಗ್ಗೆ ಒಂದು ಮಾತು. ನಾವು ಕಂಪ್ಯೂಟರ್ ಸೈನ್ಸ್ ಎಂದು ಕರೆಯುವ ವಿದ್ಯೆಗೆ ಯುರೋಪಿನ ಬಹುಭಾಗದಲ್ಲಿ ಇನ್‌ಫಾರ್ಮ್ಯಾಟಿಕ್ಸ್ ಎಂಬ ಹೆಸರಿದೆ. 1957ರಲ್ಲಿ ಜರ್ಮನಿಯ ಕಾರ್ಲ್ ಸ್ಟೈನ್‌ಬುಕ್, 1962ರಲ್ಲಿ ಫ್ರಾನ್ಸಿನ ಫಿಲಿಪ್ ಡ್ರೇಫಸ್ ತಮ್ಮ ತಮ್ಮ ಭಾಷೆಗಳಲ್ಲಿ ಈ ಪದವನ್ನು ಬಳಕೆಗೆ ತಂದರು. ಅದರಲ್ಲಿ ಯಂತ್ರದ ಹೆಸರಿಲ್ಲ, ಮಾಹಿತಿಯ ಹೆಸರಿದೆ. ಮಾಹಿತಿಯನ್ನು ಹೇಗೆ ಗುರುತಿಸಬೇಕು, ಹೇಗೆ ಬರೆದಿಡಬೇಕು, ಅದರಿಂದ ಸರಿಯಾದ ತೀರ್ಮಾನಕ್ಕೆ ಹೇಗೆ ತಲುಪಬೇಕು ಎಂಬುದೇ ಈ ವಿದ್ಯೆಯ ತಿರುಳು. ನಮ್ಮಲ್ಲಿ ಯಂತ್ರದ ಹೆಸರೇ ಅಂಟಿಕೊಂಡಿತು. ಹಾಗಾಗಿ ಯಂತ್ರ ನಡೆಸಲು ಬಂದರೆ ವಿದ್ಯೆ ಬಂದಂತೆ ಎಂಬ ಭ್ರಮೆಯೂ ಅಂಟಿಕೊಂಡಿತು.

ಪಟ್ಟಿಯಲ್ಲಿರುವುದು, ಪ್ರಯೋಗಾಲಯದಲ್ಲಿರುವುದು

ತಾಯಿಯ ಪ್ರಶ್ನೆಗೆ ಅಧಿಕೃತ ಉತ್ತರವೊಂದಿದೆ. 2014ರಲ್ಲಿ ಭಾರತವು ಇಂಜಿನಿಯರಿಂಗ್ ಪದವಿಗಳ ಪರಸ್ಪರ ಮಾನ್ಯತೆಗೆ ಸಂಬಂಧಿಸಿದ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತು. ರಾಷ್ಟ್ರೀಯ ಮಾನ್ಯತಾ ಮಂಡಳಿಯು ಪದವೀಧರನಿಗೆ ಇರಬೇಕಾದ ಸಾಮರ್ಥ್ಯಗಳನ್ನು ಪಟ್ಟಿ ಮಾಡಿದೆ. ಬಹಳ ವರ್ಷ 12 ಅಂಶಗಳಿದ್ದ ಆ ಪಟ್ಟಿಯನ್ನು ಈಚೆಗೆ 11ಕ್ಕೆ ಪರಿಷ್ಕರಿಸಲಾಗಿದೆ. ಸಮಸ್ಯೆಯನ್ನು ವಿಶ್ಲೇಷಿಸುವುದು, ಪರಿಹಾರವನ್ನು ರೂಪಿಸುವುದು, ಸಮಾಜದ ಮೇಲಾಗುವ ಪರಿಣಾಮವನ್ನು ಅರಿಯುವುದು, ನೈತಿಕ ಹೊಣೆಗಾರಿಕೆ, ತಂಡದಲ್ಲಿ ದುಡಿಯುವುದು, ತಿಳಿದದ್ದನ್ನು ಇತರರಿಗೆ ವಿವರಿಸುವುದು, ಬದುಕಿನುದ್ದಕ್ಕೂ ಕಲಿಯುತ್ತಿರುವುದು, ಇವೆಲ್ಲವೂ ಅದರಲ್ಲಿವೆ. ಅನೇಕ ಕಾಲೇಜುಗಳಲ್ಲಿ ಪ್ರಯೋಗಾಲಯದ ಕೈಪಿಡಿಯ ಮೊದಲ ಪುಟಗಳಲ್ಲಿ, ವಿಭಾಗದ ಗೋಡೆಯ ಮೇಲೆ ಈ ಪಟ್ಟಿ ರಾರಾಜಿಸುತ್ತಿರುತ್ತದೆ.

ಪಟ್ಟಿ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅದನ್ನು ಮನಸ್ಸಿಟ್ಟು ಓದಿದರೆ ಒಳ್ಳೆಯ ನಾಗರಿಕನ ಲಕ್ಷಣಗಳನ್ನೇ ಬರೆದಂತಿದೆ. ತೊಂದರೆಯಿರುವುದು ಪಟ್ಟಿಯನ್ನು ನಡೆಸಿಕೊಳ್ಳುವ ರೀತಿಯಲ್ಲಿ. ಪ್ರತಿಯೊಂದು ವಿಷಯಕ್ಕೂ ಅಧ್ಯಾಪಕರು ಒಂದು ಕೋಷ್ಟಕ ತುಂಬಬೇಕು. ಈ ಪಾಠ ಆ ಸಾಮರ್ಥ್ಯಕ್ಕೆ ಎಷ್ಟು ಪೂರಕ ಎಂಬುದನ್ನು 1, 2, 3 ಎಂಬ ಅಂಕೆಗಳಲ್ಲಿ ಸೂಚಿಸಬೇಕು. ಪರೀಕ್ಷೆಯ ಅಂಕಗಳನ್ನು ಸೂತ್ರಕ್ಕೆ ಹಾಕಿದರೆ 'ಸಾಧನೆ' ಹೊರಬರುತ್ತದೆ. ತರಗತಿಗೆ ಸಿದ್ಧತೆ ಮಾಡಬೇಕಾದ ಹೊತ್ತು ಕಡತಗಳಿಗೆ ಹೋಗುತ್ತದೆ. ವಿದ್ಯಾರ್ಥಿಯಲ್ಲಿ ನೈತಿಕ ಹೊಣೆಗಾರಿಕೆ ಬೆಳೆದಿದೆಯೇ ಎಂಬ ಪ್ರಶ್ನೆಗೆ '2' ಎಂಬುದು ಉತ್ತರವಾಗಲು ಸಾಧ್ಯವೇ?

ಇನ್ನು ಪ್ರಯೋಗಾಲಯಕ್ಕೆ ಬರೋಣ. ಸೆಮಿಸ್ಟರಿಗೆ ಇಂತಿಷ್ಟು ಎಂದು ನಿಗದಿಯಾದ ಪ್ರೋಗ್ರಾಮುಗಳು. ಸೀನಿಯರುಗಳಿಂದ ಜೂನಿಯರುಗಳಿಗೆ ಪರಂಪರೆಯಂತೆ ಇಳಿದು ಬರುವ ರೆಕಾರ್ಡ್ ಪುಸ್ತಕ. ಪರೀಕ್ಷೆಯ ದಿನ ಚೀಟಿ ಎತ್ತಿದಾಗ ಬಂದದ್ದು ಯಾವುದೋ ಅದನ್ನು ಬರೆದು, ನಡೆಸಿ, ತೋರಿಸಬೇಕು. ಪಟ್ಟಿ ಮೊದಲೇ ಗೊತ್ತಿರುವುದರಿಂದ ಬಹಳಷ್ಟು ಮಕ್ಕಳು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಅರ್ಧವಿರಾಮ ಚಿಹ್ನೆಯೂ ಬಾಯಿಪಾಠ. ಪರದೆಯ ಮೇಲೆ ನಿರೀಕ್ಷಿತ ಉತ್ತರ ಮೂಡಿದರೆ ಪೂರ್ತಿ ಅಂಕ. ಹೀಗೆ ಕಲಿತವರಿಗೆ ಏನು ಬರುತ್ತದೆ? ನೆನಪಿಟ್ಟುಕೊಳ್ಳಲು ಬರುತ್ತದೆ. ಆದರೆ ನೆನಪಿಟ್ಟುಕೊಳ್ಳುವ ಕೆಲಸಕ್ಕೆಂದೇ ನಾವು ಯಂತ್ರವನ್ನು ಕಟ್ಟಿದ್ದಲ್ಲವೇ?

ವಿಕಟಕವಿ ಕಲಿಸಿದ ಪಾಠ

ಬಾಯಿಪಾಠಕ್ಕೂ ನಿಜವಾದ ಕಲಿಕೆಗೂ ಇರುವ ಅಂತರವನ್ನು ಒಂದು ಸಣ್ಣ ಉದಾಹರಣೆಯಿಂದ ನೋಡೋಣ. ಕಂಪ್ಯೂಟರ್ ಕಲಿಯುವ ಹೆಚ್ಚಿನವರು ಮೊದಲ ವರ್ಷದಲ್ಲೇ ಮಾಡುವ ಒಂದು ಅಭ್ಯಾಸವಿದೆ: ಕೊಟ್ಟ ಪದವನ್ನು ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಮ್. ಇಂಗ್ಲಿಷಿನಲ್ಲಿ ಬರೆದ 'ಮಲಯಾಳಂ' ಎಂಬ ಪದವನ್ನು ಕೊಟ್ಟರೆ 'ಹೌದು' ಎನ್ನುತ್ತದೆ. ಅಂಕ ಸಿಗುತ್ತದೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಪರಿಚಿತ ವಿದ್ಯಾರ್ಥಿಗಳ ಒಂದು ಸಣ್ಣ ಗುಂಪಿಗೆ ನಾವು ಅದೇ ಪ್ರೋಗ್ರಾಮಿಗೆ ಕನ್ನಡದ ಪದಗಳನ್ನು ಕೊಡಲು ಹೇಳಿದೆವು. ಅವರು ಪೈಥಾನ್ ಭಾಷೆಯಲ್ಲಿ ಬರೆದಿದ್ದರು. 'ಕನಕ' ಎಂದು ಕೊಟ್ಟರು, 'ಹೌದು' ಎಂದಿತು. ತೆನಾಲಿ ರಾಮಕೃಷ್ಣನ ಕತೆ ಕೇಳಿ ಬೆಳೆದ ಹುಡುಗಿಯೊಬ್ಬಳು 'ವಿಕಟಕವಿ' ಎಂದು ಕೊಟ್ಟಳು. 'ಅಲ್ಲ' ಎಂದಿತು! ಶಾಲೆಯ ಮಗುವಿಗೂ ಗೊತ್ತಿರುವ ಸಂಗತಿ ಕಂಪ್ಯೂಟರಿಗೆ ಗೊತ್ತಾಗಲಿಲ್ಲ.

ಕಾರಣ ಹುಡುಕಲು ಅವರಿಗೆ ಅರ್ಧ ದಿನ ಹಿಡಿಯಿತು. ನಮ್ಮ ಕಣ್ಣಿಗೆ ವಿಕಟಕವಿಯಲ್ಲಿ ಐದು ಅಕ್ಷರಗಳು. ಯುನಿಕೋಡ್ ಪದ್ಧತಿಯಲ್ಲಿ ಅದನ್ನು ಏಳು ಸಂಕೇತಗಳಾಗಿ ಬರೆದಿಡಲಾಗುತ್ತದೆ: ವ, ಗುಡಿಸು, ಕ, ಟ, ಕ, ವ, ಗುಡಿಸು. ಇದನ್ನು ತಿರುಗಿಸಿದರೆ ಮೊದಲಿಗೆ ಬರುವುದು ಅಂಟಿಕೊಳ್ಳಲು ಅಕ್ಷರವೇ ಇಲ್ಲದ ಗುಡಿಸು. ಎರಡೂ ಒಂದೇ ಆಗುವುದಾದರೂ ಹೇಗೆ? ಕನಕದಲ್ಲಿ ಗುಡಿಸು, ಕೊಂಬು, ಒತ್ತು ಏನೂ ಇಲ್ಲದ ಕಾರಣ ತಪ್ಪು ಅಡಗಿ ಕುಳಿತಿತ್ತು.

ಆ ಅರ್ಧ ದಿನದಲ್ಲಿ ಅವರು ಕಲಿತದ್ದೇನೆಂದು ಎಣಿಸಿ ನೋಡಿ. 'ಅಕ್ಷರ' ಎಂದರೇನು ಎಂಬುದನ್ನು ಮೊದಲು ಖಚಿತವಾಗಿ ಹೇಳದೆ ಮುಂದೆ ಹೋಗಬಾರದೆಂದು ಕಲಿತರು. ಒಂದು ಉದಾಹರಣೆಯಲ್ಲಿ ಸರಿಯಾದದ್ದು ಎಲ್ಲ ಕಡೆಯೂ ಸರಿಯೆಂದು ಭಾವಿಸಬಾರದೆಂದು ಕಲಿತರು. ಪುಸ್ತಕದಲ್ಲಿ ಮುದ್ರಿತವಾದ ಪ್ರೋಗ್ರಾಮಿನ ಹಿಂದೆಯೂ ಯಾರದೋ ಭಾಷೆಯ ಊಹೆ ಅಡಗಿರುತ್ತದೆಂದು ಕಂಡುಕೊಂಡರು. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರ ತಪ್ಪು ಉತ್ತರ ಕೊಟ್ಟಾಗ ತಪ್ಪು ಯಂತ್ರದ್ದಲ್ಲ, ತಮ್ಮದು ಎಂದು ಒಪ್ಪಿಕೊಂಡು ಹುಡುಕತೊಡಗಿದರು. ಈ ವಿದ್ಯೆಯಿಂದ ಬರಬೇಕಾದ ಅತಿ ದೊಡ್ಡ ಸಾಮರ್ಥ್ಯ ಇದೇ ಎಂದು ನಮ್ಮ ಅಭಿಪ್ರಾಯ: ತನ್ನ ಕೆಲಸವನ್ನು ತಾನೇ ಸಂಶಯಿಸುವ, ಇತರರು ತೋರಿಸುವ ಮೊದಲೇ ತನ್ನ ತಪ್ಪನ್ನು ತಾನೇ ಹುಡುಕುವ ಅಭ್ಯಾಸ.

ಸಂಶಯಿಸದಿದ್ದರೆ ಏನಾಗುತ್ತದೆ?

ಇದು ಬರಿಯ ಪದಗಳ ಆಟವೆಂದು ಭಾವಿಸುವವರು ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣವನ್ನು ಗಮನಿಸಬೇಕು. ಅಲ್ಲಿ 1999ರಿಂದ ಅಂಚೆ ಕಚೇರಿಗಳಿಗೆ ಹೊರೈಝನ್ ಎಂಬ ಲೆಕ್ಕಪತ್ರದ ತಂತ್ರಾಂಶವನ್ನು ಅಳವಡಿಸಲಾಯಿತು. ಹಳ್ಳಿಗಳಲ್ಲಿ, ಸಣ್ಣ ಪಟ್ಟಣಗಳಲ್ಲಿ ಉಪ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದವರ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಹಣ ಕಡಿಮೆ ಕಾಣಿಸತೊಡಗಿತು. ಅವರು ದೂರು ಕೊಟ್ಟರೆ, ಬೇರೆ ಯಾರಿಗೂ ಇಂತಹ ತೊಂದರೆಯಿಲ್ಲ ಎಂಬ ಉತ್ತರ ಬಂತು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಭಾವಿಸಿಕೊಳ್ಳಲು ಅಲ್ಲಿನ ಕಾನೂನೂ ಅವಕಾಶ ಮಾಡಿಕೊಟ್ಟಿತ್ತು. 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕದಂತಹ ಆರೋಪಗಳಲ್ಲಿ ಅಪರಾಧಿಗಳೆನಿಸಿದರು. ಹಲವರು ಜೈಲಿಗೆ ಹೋದರು, ಮನೆಮಠ ಕಳೆದುಕೊಂಡರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅವರಲ್ಲಿ ಭಾರತೀಯ ಮೂಲದವರೂ ಇದ್ದರು. ತಂತ್ರಾಂಶದಲ್ಲಿ ದೋಷಗಳಿದ್ದವೆಂದು ಹೈಕೋರ್ಟ್ ತೀರ್ಪು ಕೊಟ್ಟದ್ದು 2019ರಲ್ಲಿ. ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸುವ ಕಾನೂನು ಬಂದದ್ದು 2024ರಲ್ಲಿ.

ಈ ದುರಂತದಲ್ಲಿ ಪ್ರೋಗ್ರಾಮ್ ಬರೆಯಲು ಬರುವವರಿಗೆ ಕೊರತೆಯಿರಲಿಲ್ಲ. 'ನಮ್ಮದೇ ತಪ್ಪಿರಬಹುದೇ?' ಎಂದು ಕೇಳುವವರಿಗೆ ಕೊರತೆಯಿತ್ತು. ಕೇಳಿದವರ ಮಾತಿಗೆ ಬೆಲೆಯಿರಲಿಲ್ಲ.

ಹೆಸರಿಗೆ ಎಷ್ಟು ಚೌಕಗಳು?

ಸಂಶಯದ ಜೊತೆಗೆ ಈ ವಿದ್ಯೆ ಕಲಿಸಬೇಕಾದ ಇನ್ನೊಂದು ಸಾಮರ್ಥ್ಯವಿದೆ. ಲೋಕವನ್ನು ಕೋಷ್ಟಕಕ್ಕೆ ಇಳಿಸುವಾಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ. ಡಾಟಾಬೇಸ್ ಎಂಬ ವಿಷಯದಲ್ಲಿ ವಿದ್ಯಾರ್ಥಿ ಮೊದಲು ರಚಿಸುವ ಕೋಷ್ಟಕದಲ್ಲಿ ಸಾಮಾನ್ಯವಾಗಿ ಎರಡು ಅಂಕಣಗಳಿರುತ್ತವೆ: ಮೊದಲ ಹೆಸರು, ಕೊನೆಯ ಹೆಸರು. ಪುಸ್ತಕದಲ್ಲಿ ಹಾಗಿದೆ, ಆದ್ದರಿಂದ ಇವರದರಲ್ಲೂ ಹಾಗಿರುತ್ತದೆ.

ಆದರೆ ನಮ್ಮವರ ಹೆಸರುಗಳು ಹಾಗಿವೆಯೇ? ಕನ್ನಡಿಗರಲ್ಲಿ ಅನೇಕರಿಗೆ ಕೊನೆಯ ಹೆಸರೇ ಇಲ್ಲ. ಊರಿನ, ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ ನಿಲ್ಲುತ್ತವೆ. ಅಬ್ದುಲ್ ರಹೀಮ್ ಎಂಬುದು ಒಂದೇ ಹೆಸರು. ಅದನ್ನು ತುಂಡರಿಸಿ 'ಮೊದಲ ಹೆಸರು ಅಬ್ದುಲ್' ಎಂದು ಬರೆದರೆ, 'ಇಂಥವನ ದಾಸ' ಎಂಬ ಅರ್ಥದ ಅಪೂರ್ಣ ಪದವಷ್ಟೇ ಉಳಿಯುತ್ತದೆ. ಒಂದೇ ಹೆಸರು ಒಂದು ದಾಖಲೆಯಲ್ಲಿ ಮುಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್, ಮತ್ತೊಂದರಲ್ಲಿ ಎರಡೇ ಅಕ್ಷರಗಳ ಸಂಕ್ಷೇಪವಾಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ತಿಳಿದಿಲ್ಲ, ಎಂಬ ಮೂರಕ್ಷರ ಸೇರಿಕೊಳ್ಳುತ್ತದೆ. ಅಲ್ಲಿಗೆ ಹೋದ ನಮ್ಮ ಜನರಲ್ಲಿ ಕೆಲವರನ್ನು ಆ ಮೂರಕ್ಷರದಿಂದಲೇ ಕರೆಯುವಂತಾದದ್ದುಂಟು. ಉಚ್ಚಾರಣೆಯ ಆಧಾರದಲ್ಲಿ ಹೆಸರು ಹೊಂದಿಸುವ ಸೌಂಡೆಕ್ಸ್ ಎಂಬ ವಿಧಾನಕ್ಕೆ ಅಮೆರಿಕದಲ್ಲಿ 1918ರಷ್ಟು ಹಿಂದೆಯೇ ಪೇಟೆಂಟ್ ದೊರೆತಿತ್ತು. ಅದು ಇಂಗ್ಲಿಷ್ ಧ್ವನಿಗಳನ್ನು ಕಿವಿಯಲ್ಲಿಟ್ಟುಕೊಂಡು ರೂಪಿಸಿದ ವಿಧಾನ. ಅದರ ಸೂತ್ರವನ್ನು ಮಾತ್ರ ಬಾಯಿಪಾಠ ಮಾಡಿದವನು ಅದನ್ನು ನಮ್ಮ ಹೆಸರುಗಳ ಮೇಲೂ ಕಣ್ಣುಮುಚ್ಚಿ ಹೇರುತ್ತಾನೆ.

ಇದರ ಬೆಲೆ ಎಷ್ಟಿರಬಹುದು? ಅಸ್ಸಾಮಿನ ಪೌರತ್ವ ನೋಂದಣಿಯನ್ನು ನೆನಪಿಸಿಕೊಳ್ಳಿ. ಸುಮಾರು 3.3 ಕೋಟಿ ಜನ ಅರ್ಜಿ ಹಾಕಿದ್ದರು. 2019ರ ಆಗಸ್ಟ್ 31ರಂದು ಪ್ರಕಟವಾದ ಅಂತಿಮ ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. 1951ರ ನೋಂದಣಿ ಮತ್ತು 1971ರ ಮಾರ್ಚ್ 24ರ ವರೆಗಿನ ಮತದಾರರ ಪಟ್ಟಿಗಳಲ್ಲಿ ಪೂರ್ವಿಕರ ಹೆಸರನ್ನು ತೋರಿಸಿ, ತಮಗೂ ಅವರಿಗೂ ಇರುವ ಸಂಬಂಧವನ್ನು ದಾಖಲೆಗಳಿಂದ ಜೋಡಿಸಬೇಕಿತ್ತು. ವಂಶವೃಕ್ಷಗಳನ್ನು ಹೋಲಿಸಿ ನೋಡಲು ಕಂಪ್ಯೂಟರ್ ಬಳಸಲಾಗಿತ್ತು. ಕಾಗುಣಿತದ ವ್ಯತ್ಯಾಸ, ವಯಸ್ಸಿನ ವ್ಯತ್ಯಾಸಗಳಿಂದಾಗಿ ಬಡವರು ದೂರದೂರದ ವಿಚಾರಣಾ ಕೇಂದ್ರಗಳಿಗೆ ಅಲೆದಾಡಬೇಕಾಯಿತು. ಎಲ್ಲ ತಪ್ಪನ್ನೂ ತಂತ್ರಾಂಶದ ತಲೆಗೆ ಕಟ್ಟುವುದು ಸರಿಯಲ್ಲ. ಅದರ ಹಿಂದೆ ರಾಜಕೀಯವೂ ಕಾನೂನೂ ಇದ್ದವು. ಆದರೂ ಕೋಷ್ಟಕದ ಚೌಕದಲ್ಲಿ ಕೂರದ ಹೆಸರು ಮನುಷ್ಯನನ್ನೇ ಹೊರಗಿಡಬಲ್ಲದೆಂಬುದು ಇಲ್ಲಿ ಸ್ಪಷ್ಟವಾಯಿತು. ಆ ಚೌಕ ಎಳೆಯುವವನು ಎಲ್ಲೋ ಒಂದು ಕಾಲೇಜಿನಲ್ಲಿ ಓದಿದವನೇ.

ಪಾಲು ಹಂಚಲು ಹುಟ್ಟಿದ ವಿದ್ಯೆ

ಅಲ್ಗಾರಿದಮ್ ಎಂಬ ಪದ ಎಲ್ಲಿಂದ ಬಂತೆಂದು ಕೇಳಿದರೆ ನಮ್ಮ ಸಮುದಾಯದ ಯುವಕರು ಹೆಮ್ಮೆಯಿಂದ ಅಲ್ ಖ್ವಾರಿಝ್ಮಿಯ ಹೆಸರು ಹೇಳುತ್ತಾರೆ. ಒಂಬತ್ತನೇ ಶತಮಾನದ ಬಗ್ದಾದಿನ ಆ ವಿದ್ವಾಂಸ ಭಾರತದ ಅಂಕಿಗಳ ಬಗ್ಗೆ ಬರೆದ ಗ್ರಂಥ ಹನ್ನೆರಡನೇ ಶತಮಾನದಲ್ಲಿ ಲ್ಯಾಟಿನಿಗೆ ಹೋಯಿತು. ಅವನ ಹೆಸರೇ ಲೆಕ್ಕದ ಕ್ರಮಕ್ಕೆ ಹೆಸರಾಯಿತು. ಹೆಮ್ಮೆ ಪಡಲಿ, ಆದರೆ ಹೆಮ್ಮೆಯಲ್ಲೇ ನಿಂತುಬಿಟ್ಟರೆ ಪ್ರಯೋಜನವೇನು? ಬೀಜಗಣಿತದ ಕುರಿತ ತನ್ನ ಗ್ರಂಥವನ್ನು ಯಾವ ಉದ್ದೇಶಕ್ಕೆ ಬರೆದನೆಂದು ಅವನು ಮುನ್ನುಡಿಯಲ್ಲೇ ಹೇಳಿದ್ದಾನೆ. ಉತ್ತರಾಧಿಕಾರ, ಆಸ್ತಿ ವಿಭಜನೆ, ವ್ಯಾಜ್ಯ, ವ್ಯಾಪಾರ, ಭೂಮಿಯ ಅಳತೆಗಳಲ್ಲಿ ಜನರಿಗೆ ನೆರವಾಗಲೆಂದು. ಆ ಗ್ರಂಥದ ದೊಡ್ಡ ಭಾಗ ಸತ್ತವನ ಆಸ್ತಿಯನ್ನು ವಾರಸುದಾರರಿಗೆ ಹಂಚುವ ಲೆಕ್ಕಗಳಿಗೆ ಮೀಸಲಾಗಿದೆ. ಅಂದರೆ ಯಾರ ಪಾಲೂ ತಪ್ಪದಂತೆ ನೋಡಿಕೊಳ್ಳುವುದು ಅವನ ಲೆಕ್ಕದ ಕೆಲಸಗಳಲ್ಲಿ ಒಂದಾಗಿತ್ತು. ತಪ್ಪು ಲೆಕ್ಕ ಹಾಕಿದರೆ ವಿಧವೆಗೋ ಮಗಳಿಗೋ ಅನ್ಯಾಯವಾಗುತ್ತದೆ.

ಇಂದಿನ ತರಗತಿಯಲ್ಲಿ ಕಲಿಸುವ ಕ್ರಮವಿಧಿಗಳಿಗೂ ಇಂತಹ ಬಲವಿದೆ. ಅಕಾರಾದಿಯಾಗಿ ಜೋಡಿಸಿದ ಪಟ್ಟಿಯಲ್ಲಿ ಮಧ್ಯದ ಹೆಸರು ನೋಡಿ, ಬೇಡವಾದ ಅರ್ಧವನ್ನು ಬಿಡುತ್ತಾ ಹೋದರೆ, ಕರ್ನಾಟಕದ 5 ಕೋಟಿಗೂ ಹೆಚ್ಚು ಮತದಾರರ ನಡುವೆ ಒಂದು ಹೆಸರನ್ನು ಹೆಚ್ಚೆಂದರೆ 26 ಸಲ ನೋಡುವಷ್ಟರಲ್ಲಿ ಹುಡುಕಬಹುದು. ಇದನ್ನು ಅರ್ಥಮಾಡಿಕೊಂಡ ಹುಡುಗಿಗೆ ಮೊದಲ ಬಾರಿ ಆಗುವ ಅಚ್ಚರಿ ಯಾವ ಸಂಬಳದ ಚೀಟಿಯಲ್ಲೂ ಇರಲಾರದು. ಆದರೆ ಅದೇ ಹುಡುಗಿ 'ಪಟ್ಟಿ ಸರಿಯಾಗಿ ಜೋಡಿಸಿರದಿದ್ದರೆ?' ಎಂದೂ ಕೇಳಬೇಕು. ಆಗ ಇರುವ ಹೆಸರನ್ನೂ 'ಇಲ್ಲ' ಎಂದು ಹೇಳುವುದು ಇದೇ ವಿಧಾನ.

'ಹೊಟ್ಟೆ ತುಂಬುತ್ತದೆಯೇ?'

ಇಷ್ಟೆಲ್ಲ ಓದಿದವರು ನಮ್ಮನ್ನು ಕೇಳಬಹುದು: ಸಂಶಯ, ವಿವೇಕ ಎಂದರೆ ಹೊಟ್ಟೆ ತುಂಬುತ್ತದೆಯೇ? ಶಿಕ್ಷಣ ಸಾಲದ ಕಂತು ಕಟ್ಟಲು ಆಗುತ್ತದೆಯೇ? ಪದವಿ ಮುಗಿಸಿದ ಮಕ್ಕಳು ಕೆಲಸ ಸಿಗದೆ ಬೆಂಗಳೂರಿನ ಪಿಜಿಗಳಲ್ಲಿ ಕುಳಿತು, ಮತ್ತೆ ದುಡ್ಡು ಕೊಟ್ಟು ತರಬೇತಿ ಕೇಂದ್ರಗಳಿಗೆ ಅಲೆಯುವುದನ್ನು ನಾವೂ ಕಂಡಿದ್ದೇವೆ. ಅದನ್ನು ಲಘುವಾಗಿ ಕಾಣುವ ಹಕ್ಕು ನಮಗಿಲ್ಲ. ಆದರೆ ತರಬೇತಿ ಕೇಂದ್ರದಲ್ಲಿ ಕಲಿಸುವ ಉಪಕರಣ ಇವತ್ತಿನದು. ಅದು ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಆಗ ಇನ್ನೊಂದನ್ನು ತಾನಾಗಿಯೇ ಕಲಿಯಬಲ್ಲವನು ಬುಡ ಗಟ್ಟಿಯಿದ್ದವನು ಮಾತ್ರ.

ಇದರ ಮೇಲೆ ಆ ಮಗಳು ನಕ್ಕ ವಿಷಯವೂ ಇದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರಯೋಗಾಲಯದ ಪಟ್ಟಿಯಲ್ಲಿರುವಂತಹ ಪ್ರೋಗ್ರಾಮುಗಳನ್ನು ಯಂತ್ರ ಕ್ಷಣಾರ್ಧದಲ್ಲಿ ಬರೆದುಕೊಡುತ್ತಿದೆ. ಬಾಯಿಪಾಠದ ಮಾರುಕಟ್ಟೆ ಅಲ್ಲಿಗೆ ಮುಗಿಯಿತು. ಆದರೆ ಈ ಯಂತ್ರ ಸರಿಯಾದದ್ದನ್ನೂ ತಪ್ಪಾದದ್ದನ್ನೂ ಒಂದೇ ಆತ್ಮವಿಶ್ವಾಸದ ದನಿಯಲ್ಲಿ ಹೇಳುತ್ತದೆ. ಹಾಗಾಗಿ ಬರೆಯುವವರಿಗಿಂತ ಪರೀಕ್ಷಿಸುವವರ ಅಗತ್ಯ ಹೆಚ್ಚುತ್ತಿದೆ. 'ವಿಕಟಕವಿಗೆ ಏನು ಹೇಳುತ್ತದೆ ನೋಡೋಣ' ಎನ್ನುವ ಹುಡುಗಿಗೆ ಇಲ್ಲಿ ಕೆಲಸವಿದೆ. ಅವಳಿಗೆ ಕೆಲಸವಿಲ್ಲದ ಕಾಲ ಬಂದರೆ ಅದು ಅವಳೊಬ್ಬಳ ನಷ್ಟವಲ್ಲ, ನಮ್ಮೆಲ್ಲರದು.

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಪ್ರಯೋಗ ಪರೀಕ್ಷೆಯಲ್ಲಿ ಚೀಟಿ ಎತ್ತಿಸುವ ಬದಲು, ಬೇಕೆಂದೇ ತಪ್ಪಿಟ್ಟ ಪ್ರೋಗ್ರಾಮೊಂದನ್ನು ಕೊಟ್ಟು ತಪ್ಪು ಹುಡುಕಲು ಹೇಳಬಹುದು. ತಾನು ಬರೆದದ್ದು ಯಾವಾಗ ಸೋಲುತ್ತದೆಂದು ಬರೆದು ತೋರಿಸಿದವರಿಗೆ ಅಂಕ ಕೊಡಬಹುದು. ಡಾಟಾಬೇಸ್ ಪಾಠದಲ್ಲಿ ತಮ್ಮ ಊರಿನ ಹತ್ತು ಮನೆಗಳ ನಿಜವಾದ ಹೆಸರುಗಳಿಗೆ ಕೋಷ್ಟಕ ರಚಿಸಿರೆಂದು ಹೇಳಬಹುದು. ಅಂತಿಮ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತರುವ ಪಿಡುಗನ್ನು ತಡೆಯಲು, ಅದೇ ಊರಿನ ಗ್ರಂಥಾಲಯದ, ಸಹಕಾರಿ ಸಂಘದ, ಪಡಿತರ ಅಂಗಡಿಯ ಸಣ್ಣ ಸಮಸ್ಯೆಯೊಂದನ್ನು ಕೊಡಬಹುದು. ಅಧ್ಯಾಪಕರ ಮೇಜಿನಿಂದ ಒಂದೆರಡು ಕಡತ ಇಳಿಸಿದರೆ ಇದಕ್ಕೆ ಸಮಯವೂ ಸಿಕ್ಕೀತು. ಹೆತ್ತವರೂ ಕಾಲೇಜಿಗೆ ಹೋದಾಗ ಕ್ಯಾಂಪಸ್ ಆಯ್ಕೆಯ ಅಂಕಿಅಂಶದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲಿ: 'ನಿಮ್ಮ ಮಕ್ಕಳು ಮಾಡಿದ ಒಂದು ಕೆಲಸ ತೋರಿಸಿ. ಅದರಲ್ಲಿ ಅವರೇ ಹುಡುಕಿದ ತಪ್ಪು ಯಾವುದು?'

ಆ ತಾಯಿಯನ್ನು ಮತ್ತೆ ಭೇಟಿಯಾದರೆ ನಮ್ಮ ಉತ್ತರ ಹೀಗಿರುತ್ತದೆ. ಅಮ್ಮಾ, ನೀವು ಬೀಡಿ ಕಟ್ಟಿ ಕಂಪೆನಿಗೆ ಕೊಡುವ ಮೊದಲು ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡುತ್ತೀರಲ್ಲ, ಸಡಿಲವಿದ್ದುದನ್ನು ನೀವೇ ಬದಿಗಿಡುತ್ತೀರಲ್ಲ, ಅದು ಬರುತ್ತದೆ. ಸರಿಯಾಗಿ ಕಲಿಸಿದರೆ.